ಎರಡು ನುಡಿಯ ಊರಿಗೆ ಎಂಥ ಶಾಲೆಯ ಕಟ್ಟಡ ಬೇಕು?



ಹಿಂದೂಪುರದ ಆಸುಪಾಸಿನ ಹಳ್ಳಿಯಿರಲಿ, ಕಲ್ಯಾಣದುರ್ಗದ ಕಡೆಯ ಹಳ್ಳಿಯಿರಲಿ, ನಿಮ್ಮೂರಿನ ಪ್ರಾಥಮಿಕ ಶಾಲೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಸಾಲಾಗಿ ಎರಡೋ ಮೂರೋ ಕೊಠಡಿಗಳು. ಮುಂದೆ ಒಂದು ವರಾಂಡ. ಒಂದೊಂದು ಕೊಠಡಿಗೂ ಒಂದೇ ಬಾಗಿಲು. ಒಳಗೆ ಒಂದು ಗೋಡೆಯ ಮೇಲೆ ಕಪ್ಪು ಹಲಗೆ, ಅದರ ಎದುರಿಗೆ ಸಾಲು ಹಿಡಿದು ಕೂತ ಮಕ್ಕಳು. ಕೊಠಡಿಗೂ ಕೊಠಡಿಗೂ ನಡುವೆ ದಪ್ಪನೆಯ ಗೋಡೆ. ಶಾಲೆ ಎಂದರೆ ಹೀಗೆಯೇ ಇರಬೇಕೆಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ನಡುಗೋಡೆಯ ವಿಷಯ. ಅದಕ್ಕೂ ನಮ್ಮ ಮಕ್ಕಳ ಕನ್ನಡಕ್ಕೂ ಸಂಬಂಧವಿದೆ.

ಸಂಬಂಧ ಏನೆಂದು ಕೇಳುತ್ತೀರಾ? ಒಂದು ಸಣ್ಣ ಲೆಕ್ಕ ಹಾಕೋಣ. ಪ್ರಾಥಮಿಕ ಶಾಲೆಯಲ್ಲಿ ಐದು ತರಗತಿಗಳು. ನಮ್ಮ ಗಡಿ ಊರುಗಳಲ್ಲಿ ಮಾತು ಎರಡು, ತೆಲುಗು ಮತ್ತು ಕನ್ನಡ. ಎರಡೂ ಮಾಧ್ಯಮಗಳು ಒಂದೇ ಶಾಲೆಯಲ್ಲಿ ನಡೆಯಬೇಕಾದರೆ ಐದೆರಡ್ಲ ಹತ್ತು ಗುಂಪುಗಳಾದವು. ಗುಂಪಿಗೊಂದು ಕೊಠಡಿ ಎಂದರೆ ಹತ್ತು ಕೊಠಡಿ ಬೇಕು. 50 ಮಕ್ಕಳ ಊರಿಗೆ ಯಾವ ಸರ್ಕಾರವೂ ಹತ್ತು ಕೊಠಡಿ ಕಟ್ಟಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಶಿಕ್ಷಕರಿಗೆ ಒಂದರಂತೆ ಎರಡು ತರಗತಿ ಕೊಠಡಿಗಳು. ಹತ್ತು ಗುಂಪು, ಎರಡು ಕೊಠಡಿ! ಹೀಗಿರುವಾಗ ಜಾಗ ಸಾಲದು ಎಂಬ ಮಾತು ಬಂದರೆ ಮೊದಲು ಹೊರಗೆ ಬೀಳುವುದು ಯಾರು? ಸಂಖ್ಯೆ ಕಡಿಮೆ ಇರುವವರು. ನಮ್ಮ ಕಡೆ ಅದು ಸಾಮಾನ್ಯವಾಗಿ ಕನ್ನಡದ ಮಕ್ಕಳು.

ಆದ್ದರಿಂದ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಹತ್ತು ಕೊಠಡಿ ಎಲ್ಲಿಂದ ತರುವುದು ಎಂದು ಕೇಳುವ ಬದಲು, ಇರುವ ಎರಡು ಕೊಠಡಿಗಳನ್ನೇ ಹೊತ್ತಿಗೆ ತಕ್ಕಂತೆ ಒಂದಾಗಿಸುವುದು, ನಾಲ್ಕಾಗಿಸುವುದು ಹೇಗೆ ಎಂದು ಕೇಳಬೇಕು.

ಇದೇನೂ ನಮಗೆ ಹೊಸ ವಿದ್ಯೆಯಲ್ಲ. ಇನ್ನೂರು ವರ್ಷಗಳ ಹಿಂದಿನ ಒಂದು ವರದಿಯನ್ನು ನೋಡೋಣ. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ಎಂಬ ಅಧಿಕಾರಿ ತನ್ನ ಸೀಮೆಯ ಶಾಲೆಗಳ ಎಣಿಕೆ ಮಾಡಿಸಿ ಮದರಾಸಿಗೆ ವರದಿ ಕಳಿಸಿದ. ಆಗ ಅನಂತಪುರ ಎಂಬ ಬೇರೆ ಜಿಲ್ಲೆ ಇರಲಿಲ್ಲ. ಅದು ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಹಿಂದೂಪುರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಇವೆಲ್ಲ ಆಮೇಲಿನ ಗೆರೆಗಳು. ಕ್ಯಾಂಪ್‌ಬೆಲ್ ಎಣಿಸಿದ ಸೀಮೆಯಲ್ಲಿ ಒಟ್ಟು 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಮಿಕ್ಕವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷ್ ಶಾಲೆಗಳು. ಓದುತ್ತಿದ್ದ ಮಕ್ಕಳು 6,641. ಎಂದರೆ ಶಾಲೆಗೆ ಸರಾಸರಿ ಹನ್ನೆರಡು, ಹದಿಮೂರು ಮಕ್ಕಳು. ನೋಡಿ, ಎರಡು ನುಡಿಗಳು ಸರಿಸಮವಾಗಿ ಹೆಗಲು ಕೊಟ್ಟು ನಿಂತಿದ್ದ ನಾಡು ಇದು.

ಈ ಶಾಲೆಗಳಿಗೆ ಬಹುಮಟ್ಟಿಗೆ ಕಟ್ಟಡ ಎಂಬುದೇ ಇರಲಿಲ್ಲ. ನಮ್ಮವರು ಅದನ್ನು ಕೂಲಿ ಮಠ ಎಂದರು, ತೆಲುಗಿನವರು ವೀಧಿ ಬಡಿ ಎಂದರು. ಯಾರದೋ ಮನೆಯ ಜಗಲಿ, ಇಲ್ಲವೇ ಗುಡಿಯ ಚಾವಡಿ. ಕ್ಯಾಂಪ್‌ಬೆಲ್ ಬರೆದಿರುವಂತೆ ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ಮಾಡುತ್ತಿದ್ದರು. ಕೆಳಗಿನ ಗುಂಪುಗಳನ್ನು ದೊಡ್ಡ ಹುಡುಗರು ನೋಡಿಕೊಳ್ಳುವರು, ಮೇಲಿನ ಗುಂಪುಗಳನ್ನು ಅಯ್ಯನವರು ನೋಡಿಕೊಳ್ಳುವರು. ಅಯ್ಯನವರ ಕಣ್ಣು ಮಾತ್ರ ಎಲ್ಲ ಗುಂಪುಗಳ ಮೇಲೂ ಇರುವುದು. ಮಗು ಮೇಲಿನ ಗುಂಪಿಗೆ ಏರುವುದು ವಯಸ್ಸಿನಿಂದಲ್ಲ, ಕಲಿತದ್ದರಿಂದ. ನೆಲದ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಹಿರಿಯ ಮಕ್ಕಳು ಕಿರಿಯರಿಗೆ ಕಲಿಸುವ ಈ ಕ್ರಮ ಇಂಗ್ಲೆಂಡಿನವರು ಅನುಕರಿಸಿದ್ದಕ್ಕೆ ತಕ್ಕುದಾಗಿದೆ ಎಂದು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ಆ ಮಾತು ಬರಿಯ ಹೊಗಳಿಕೆಯಲ್ಲ. 1790ರ ದಶಕದಲ್ಲಿ ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಈ ಕ್ರಮವನ್ನು ತನ್ನ ಅನಾಥ ಮಕ್ಕಳ ಶಾಲೆಯಲ್ಲಿ ಬಳಸಿ, ಆಮೇಲೆ ಇಂಗ್ಲೆಂಡಿನಲ್ಲಿ ಪ್ರಚಾರ ಮಾಡಿದ. ಅಲ್ಲಿ ಅದಕ್ಕೆ ಮದರಾಸು ಪದ್ಧತಿ ಎಂದೇ ಹೆಸರಾಯಿತು.

ಹಳೆಯದೆಲ್ಲ ಚಿನ್ನ ಎಂದು ಹೇಳುವುದಕ್ಕಲ್ಲ ಈ ಮಾತು. ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಕೇವಲ 60. ಕಲಿಸುತ್ತಿದ್ದ ಪದ್ಯಗಳ ಭಾಷೆ ಆಡುಮಾತಿಗೆ ದೂರವಾಗಿದ್ದು, ಮಕ್ಕಳು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದರೆಂದು ಅದೇ ಕ್ಯಾಂಪ್‌ಬೆಲ್ ದೂರಿದ್ದಾನೆ. ನಾವು ತೆಗೆದುಕೊಳ್ಳಬೇಕಾದದ್ದು ಒಂದೇ ಸಂಗತಿ. ಒಬ್ಬ ಮೇಷ್ಟ್ರು, ನಾಲ್ಕು ಗುಂಪು, ಒಂದು ತೆರೆದ ಜಗಲಿ, ಇಷ್ಟರಲ್ಲೇ ಶಾಲೆ ನಡೆಯುತ್ತಿತ್ತು. ಮಕ್ಕಳು ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಜಾಗವೇ ಅನುವು ಮಾಡಿಕೊಟ್ಟಿತ್ತು.

ಆಮೇಲೆ ಸರ್ಕಾರದ ಶಾಲೆಗಳು ಬಂದವು. ಇಂತಿಷ್ಟು ವಯಸ್ಸಿಗೆ ಇಂಥ ತರಗತಿ, ತರಗತಿಗೊಬ್ಬ ಮೇಷ್ಟ್ರು, ಮೇಷ್ಟ್ರಿಗೊಂದು ಕೊಠಡಿ ಎಂಬ ಕ್ರಮ ಬಂತು. ಊರು ದೊಡ್ಡದಾಗಿ ಮಕ್ಕಳು ಹೆಚ್ಚಿದ್ದಲ್ಲಿ ಅದು ಸರಿಯೇ. ಹಳ್ಳಿಗೆ ಬಂದದ್ದು ಮಾತ್ರ ಒಬ್ಬರೋ ಇಬ್ಬರೋ ಮೇಷ್ಟ್ರು, ಒಂದೋ ಎರಡೋ ಕೊಠಡಿ. ಕೊಠಡಿಯ ಆಕಾರ ಮಾತ್ರ ಪಟ್ಟಣದ್ದೇ. 1987ರಲ್ಲಿ ಕೇಂದ್ರ ಸರ್ಕಾರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಎಂಬ ಯೋಜನೆ ತಂದಾಗ ಪ್ರತಿ ಪ್ರಾಥಮಿಕ ಶಾಲೆಗೂ ಎಲ್ಲ ಕಾಲಕ್ಕೂ ತಡೆಯುವ ಎರಡು ದೊಡ್ಡ ಕೊಠಡಿ, ಜೊತೆಗೆ ಒಂದು ಅಗಲವಾದ ವರಾಂಡ ಇರಬೇಕೆಂದು ಹೇಳಿತು. ವರಾಂಡ ಎಂಬ ಆ ಮಾತು ಮುಖ್ಯವಾದದ್ದು. ಅದು ಚಪ್ಪಲಿ ಬಿಡುವ ಜಾಗವಲ್ಲ, ಮೂರನೆಯ ಕೊಠಡಿ. ಅದು ಅಗಲವಾಗಿದ್ದರೆ ಒಂದು ಗುಂಪು ಅಲ್ಲಿ ಕೂತು ಓದಬಹುದು. ಕಿರಿದಾದರೆ ಓಡಾಡಲು ಮಾತ್ರ ಬಂತು.

ಅದೇ ಕಾಲದಲ್ಲಿ ನಮ್ಮ ಆಂಧ್ರಪ್ರದೇಶದಲ್ಲಿ ಬ್ರಿಟನ್ನಿನ ನೆರವಿನಿಂದ ಪ್ರಾಥಮಿಕ ಶಿಕ್ಷಣ ಯೋಜನೆಯೊಂದು ನಡೆಯಿತು. ಅದು ಕೊಠಡಿಗಳನ್ನೂ ಕಟ್ಟಿಸಿತು, ಮೇಷ್ಟ್ರುಗಳಿಗೆ ತರಬೇತಿಯನ್ನೂ ಕೊಟ್ಟಿತು. ಮಾಡಿ ಕಲಿಯುವುದು, ಒಬ್ಬೊಬ್ಬರಾಗಿ, ಗುಂಪಾಗಿ ಮತ್ತು ಇಡೀ ತರಗತಿಯಾಗಿ ಕಲಿಯುವುದು, ಊರಿನ ಸುತ್ತಮುತ್ತಲನ್ನು ಪಾಠಕ್ಕೆ ಬಳಸುವುದು, ಮಕ್ಕಳು ಮಾಡಿದ್ದನ್ನು ಗೋಡೆಗೆ ತೂಗುಹಾಕುವುದು, ಇಂಥವು ಅದರ ಸೂತ್ರಗಳು. ಒಳ್ಳೆಯ ಸೂತ್ರಗಳೇ. ಆದರೆ ಒಬ್ಬೊಬ್ಬರಾಗಿ, ಗುಂಪಾಗಿ, ಎಲ್ಲರೂ ಒಟ್ಟಾಗಿ ಎಂಬ ಮೂರಕ್ಕೂ ಜಾಗ ಬೇಕಲ್ಲ? ಬೆಂಚುಗಳನ್ನು ಸಾಲಾಗಿ ನೆಟ್ಟ ಕೊಠಡಿಯಲ್ಲಿ ಅದು ಆಗುವುದು ಕಷ್ಟ.

ಹಾಗಾದರೆ ಎಲ್ಲಿ ಆಯಿತು? ದೂರ ಹೋಗಬೇಕಾಗಿಲ್ಲ. ಗಡಿಯ ಮಗ್ಗುಲಿನಲ್ಲೇ, ಕೋಲಾರ ಜಿಲ್ಲೆಯ ರಾಯಲ್ಪಾಡಿನ ಹತ್ತಿರ 1972ರಲ್ಲಿ ಡೇವಿಡ್ ಹಾರ್ಸ್‌ಬರೊ ಎಂಬ ಇಂಗ್ಲಿಷ್ ಶಿಕ್ಷಕರು ನೀಲ್ ಬಾಗ್ ಎಂಬ ಪುಟ್ಟ ಶಾಲೆ ತೆರೆದರು. ಅಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಆ ಬಗೆಯ ಕಲಿಕೆಯನ್ನು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗೆ ಒಗ್ಗಿಸಿದರು. ಅಲ್ಲಿಗೆ ಹೋಗಿ ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭಿಸಿದ್ದೇ ನಲಿ-ಕಲಿ. ನೋಡಿ, ಆಂಧ್ರದ ಹಳ್ಳಿಯೊಂದರ ತಿಳಿವಳಿಕೆ ಗಡಿ ದಾಟಿ ಹೋಗಿ ಕರ್ನಾಟಕದ ಶಾಲೆಗಳ ಕ್ರಮವಾಯಿತು.

ನಲಿ-ಕಲಿ ಕೊಠಡಿಯನ್ನು ಕಂಡವರಿಗೆ ಗೊತ್ತು. ಅಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ಐದು ಗುಂಪಾಗಿ ಸುತ್ತ ಕೂರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರ ಪೂರ್ತಿ ಸಹಾಯ ಬೇಕು, ಒಂದಕ್ಕೆ ಅಷ್ಟಿಷ್ಟು ಬೇಕು, ಒಂದೆರಡು ಗುಂಪಿಗೆ ಜೊತೆಯ ಮಕ್ಕಳ ಸಹಾಯ ಸಾಕು, ಇನ್ನೊಂದು ಗುಂಪು ತಾನೇ ಕಲಿಯುತ್ತದೆ. ಗೋಡೆಯ ಉದ್ದಕ್ಕೂ ನೆಲದಿಂದ ಮಗುವಿನ ಕೈಗೆಟುಕುವಷ್ಟು ಎತ್ತರಕ್ಕೆ ಕಪ್ಪು ಬಳಿದ ಹಲಗೆ, ಪ್ರತಿ ಮಗುವಿಗೂ ಅದರಲ್ಲೊಂದು ಪಾಲು. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನು ತೂಗುಹಾಕಿದ ಕಲಿಕಾ ಚಪ್ಪರ. ಗೋಡೆಯನ್ನು ಒಡೆಯಲಿಲ್ಲ, ಹೊಸದಾಗಿ ಕಟ್ಟಲಿಲ್ಲ, ಒಂದು ಡಬ್ಬ ಬಣ್ಣ ಮತ್ತು ಒಂದಿಷ್ಟು ದಾರದಿಂದ ಕೊಠಡಿಯ ಗುಣವೇ ಬದಲಾಯಿತು.

ಈಗ ನಮ್ಮ ಎರಡು ನುಡಿಯ ಶಾಲೆಗೆ ಬರೋಣ. ಒಂದು ಊರಿನಲ್ಲಿ 50 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ತೆಲುಗಿನವರು 36, ಕನ್ನಡದವರು 14. ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಕನ್ನಡದವರು. ಎರಡು ಕೊಠಡಿ, ಒಂದು ಅಗಲವಾದ ವರಾಂಡ. ನಡುಗೋಡೆಯಲ್ಲಿ ಒಂದು ದೊಡ್ಡ ಮಡಚು ಬಾಗಿಲು.

ಬೆಳಗಿನ ಹೊತ್ತು ಭಾಷೆಯ ಪಾಠ. ಬಾಗಿಲು ಮುಚ್ಚಿದೆ. ಒಂದು ಕೊಠಡಿಯಲ್ಲಿ ಕನ್ನಡದ 14 ಮಕ್ಕಳು ಎರಡು ಮೂರು ಗುಂಪಾಗಿ ಕೂತಿದ್ದಾರೆ. ಇನ್ನೊಂದು ಕೊಠಡಿ ಮತ್ತು ವರಾಂಡದಲ್ಲಿ ತೆಲುಗಿನ ಮಕ್ಕಳು. ಆಮೇಲೆ ಲೆಕ್ಕ. ಎರಡಕ್ಕೆ ಮೂರು ಕೂಡಿದರೆ ಐದೇ ಆಗುವುದು, ಅದಕ್ಕೆ ಕನ್ನಡ ತೆಲುಗು ಎಂಬ ಭೇದವಿಲ್ಲ. ಆಗ ಭಾಷೆಯ ಗುಂಪು ಬಿಟ್ಟು ಕಲಿಕೆಯ ಮಟ್ಟದ ಗುಂಪು. ಒಂದು ಎರಡನೆಯ ತರಗತಿಯವರೆಲ್ಲ ಒಬ್ಬ ಮೇಷ್ಟ್ರ ಹತ್ತಿರ, ಮೂರರಿಂದ ಐದರವರೆಗಿನವರು ಇನ್ನೊಬ್ಬರ ಹತ್ತಿರ. ಅರ್ಥವಾಗದ ಮಾತನ್ನು ಪಕ್ಕದ ಮಗುವೇ ತನ್ನ ನುಡಿಯಲ್ಲಿ ಹೇಳಿಕೊಡುತ್ತದೆ. ನಮ್ಮ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ, ಬೀದಿಯಲ್ಲಿ ದಿನವೂ ಮಾಡುವುದು ಇದನ್ನೇ. ಮಧ್ಯಾಹ್ನ ಊಟವಾದ ಮೇಲೆ ಮಡಚು ಬಾಗಿಲನ್ನು ಗೋಡೆಗೆ ಸರಿಸಿದರೆ ಎರಡು ಕೊಠಡಿಯೂ ಒಂದು ದೊಡ್ಡ ಹಜಾರ. 50 ಮಕ್ಕಳೂ ಒಟ್ಟಾಗಿ ಹಾಡು, ಕತೆ, ಚಿತ್ರ, ವಿಜ್ಞಾನದ ಒಂದು ಪ್ರಯೋಗ.

ಇದರಿಂದ ಆಗುವ ಲಾಭ ಏನು? ಕನ್ನಡದ ಮೇಷ್ಟ್ರು 14 ಮಕ್ಕಳಿಗೆ ಮಾತ್ರ ಎಂಬ ಮಾತಿಗೆ ಅಲ್ಲಿ ಜಾಗವೇ ಇಲ್ಲ. ಅವರು ದಿನದ ಅರ್ಧ ಹೊತ್ತು ಎಲ್ಲ ಮಕ್ಕಳಿಗೂ ಬೇಕಾದವರು. ಇಬ್ಬರಲ್ಲಿ ಒಬ್ಬರನ್ನು ಬೇರೆಡೆಗೆ ಹಾಕುತ್ತೇವೆಂದು ಮೇಲಿನವರು ಹೊರಟರೆ ತೆಲುಗಿನ ತಂದೆತಾಯಿಗಳೂ ಬೇಡವೆನ್ನುತ್ತಾರೆ. ಪ್ರತ್ಯೇಕ ಕೊಠಡಿಯಲ್ಲಿ ಒಂಟಿಯಾಗಿ ಕೂತ ಕನ್ನಡ ವಿಭಾಗಕ್ಕೆ ಈ ಬಲ ಇರುವುದಿಲ್ಲ. ಹೊತ್ತಿಗೆ ತಕ್ಕಂತೆ ಮುಚ್ಚಿ ತೆರೆಯುವ ಬಾಗಿಲು ಎರಡನ್ನೂ ಉಳಿಸಿಕೊಡುತ್ತದೆ. ಕನ್ನಡ ಕಲಿಯುವುದಕ್ಕೆ ತನ್ನದೇ ಜಾಗವೂ ಇದೆ, ಊರಿನ ಮಕ್ಕಳೊಡನೆ ಬೆರೆಯುವುದಕ್ಕೆ ದಾರಿಯೂ ಇದೆ.

ಇಂಥ ಬಾಗಿಲು ಎಲ್ಲಿಯದು ಎನ್ನಬೇಡಿ. ನಮ್ಮ ಪೇಟೆಯ ಹಳೆಯ ಅಂಗಡಿಗಳನ್ನು ನೆನಪಿಸಿಕೊಳ್ಳಿ. ಅಂಕಿ ಬರೆದ ಹಲಗೆಗಳನ್ನು ಒಂದೊಂದಾಗಿ ತೆಗೆದಿಟ್ಟರೆ ಇಡೀ ಅಂಗಡಿ ಬೀದಿಗೆ ತೆರೆದುಕೊಳ್ಳುತ್ತಿತ್ತು. ಅದೇ ಉಪಾಯ. ಹಿಂದೂಪುರದ ಹತ್ತಿರವೇ ಇರುವ ಲೇಪಾಕ್ಷಿಗೆ ಹೋದವರು ಹದಿನಾರನೆಯ ಶತಮಾನದ ನಾಟ್ಯಮಂಟಪವನ್ನು ನೋಡಿದ್ದೀರಿ. ಅಲ್ಲಿ ಚಾವಣಿಯ ಭಾರ ಹೊತ್ತಿರುವುದು ಕಂಬಗಳು, ನಡುವೆ ಗೋಡೆಗಳಿಲ್ಲ. ಆದ್ದರಿಂದ ಮಂಟಪ ಎಂಬುದು ಇಂದು ನಾಟ್ಯಕ್ಕೆ, ನಾಳೆ ಹರಿಕಥೆಗೆ, ನಾಳಿದ್ದು ಯಾತ್ರಿಕರ ವಿಶ್ರಾಂತಿಗೆ ಒದಗಬಲ್ಲದು. ಹೊಸ ಶಾಲೆ ಕಟ್ಟುವಾಗ ನೆನಪಿಡಬೇಕಾದ ತತ್ತ್ವ ಇದು. ಭಾರವನ್ನು ಕಂಬ ಮತ್ತು ತೊಲೆಗಳ ಮೇಲೆ ಹೊರಿಸಿದರೆ ನಡುಗೋಡೆ ಬರಿಯ ಪರದೆಯಾಗುತ್ತದೆ. ಇವತ್ತು ಇಲ್ಲಿರಲಿ, ಹತ್ತು ವರ್ಷದ ಮೇಲೆ ಬೇಡವಾದರೆ ತೆಗೆಯಬಹುದು. ಗೋಡೆಯ ಮೇಲೇ ಭಾರ ಹೊರಿಸಿದರೆ ಅದನ್ನು ಮುಟ್ಟುವ ಹಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ಮಾತು ಕೇಳಿ ನಾಳೆಯೇ ಹಾರೆ ಹಿಡಿದು ಹಳೆಯ ಗೋಡೆ ಒಡೆಯಲು ಹೋಗಬೇಡಿ. ಹಳೆಯ ಕಲ್ಲುಗೋಡೆಯ ಕಟ್ಟಡಗಳಲ್ಲಿ ಚಾವಣಿಯ ಭಾರವೆಲ್ಲ ಗೋಡೆಯ ಮೇಲೇ ಇರುತ್ತದೆ. ಅಲ್ಲಿ ಬಾಗಿಲು ಬಿಡಬೇಕಾದರೆ ಮೇಲೆ ತಕ್ಕ ತೊಲೆ ಕೊಡಬೇಕು. ಎಂಜಿನಿಯರ್ ಬಂದು ನೋಡಿ ಬರೆದುಕೊಟ್ಟ ಮೇಲೆಯೇ ಆ ಕೆಲಸ.

ಇನ್ನೊಂದು ಎಚ್ಚರಿಕೆ ಸದ್ದಿನದು. 1960 ಮತ್ತು 70ರ ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ನಡುಗೋಡೆಯೇ ಇಲ್ಲದ ದೊಡ್ಡ ದೊಡ್ಡ ಬಯಲು ತರಗತಿಗಳನ್ನು ಕಟ್ಟಿದರು. ಒಂದು ಗುಂಪಿನ ಮಾತು ಇನ್ನೊಂದರ ಕಿವಿಗೆ ಬೀಳುತ್ತಿತ್ತು, ಮಕ್ಕಳ ಗಮನ ಚದುರಿತು, ಕಡೆಗೆ ಎಷ್ಟೋ ಕಡೆ ಮತ್ತೆ ಗೋಡೆ ಎಬ್ಬಿಸಿದರು. ಎರಡು ನುಡಿಯ ಶಾಲೆಯಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಈಚೆ ಕನ್ನಡದ ಪದ್ಯ, ಆಚೆ ತೆಲುಗಿನ ಪದ್ಯ ಒಟ್ಟಿಗೆ ನಡೆದರೆ ಮಗು ಯಾವುದನ್ನು ಕೇಳಬೇಕು? ಅದಕ್ಕೇ ಹೇಳಿದ್ದು, ನಮಗೆ ಬೇಕಾದದ್ದು ಗೋಡೆಯಿಲ್ಲದ ಶಾಲೆಯಲ್ಲ, ಬಾಗಿಲಿರುವ ಗೋಡೆ. ಆ ಬಾಗಿಲು ತೆಳು ತಗಡಿನದಾಗಬಾರದು, ಸಂದಿಲ್ಲದೆ ಕೂಡುವ ದಪ್ಪ ಹಲಗೆಯದಾಗಬೇಕು. ಬೋಳು ಸಿಮೆಂಟ್ ಗೋಡೆಗಿಂತ ಬಟ್ಟೆ, ಚಾಪೆ, ಮಕ್ಕಳ ಚಿತ್ರಗಳು ತೂಗಿದ ಗೋಡೆ ಸದ್ದನ್ನು ಸ್ವಲ್ಪ ಹೀರಿಕೊಳ್ಳುತ್ತದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಮಕ್ಕಳ ಜೀವ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಒಂದು ಶಾಲಾ ಕಟ್ಟಡಕ್ಕೆ ಬೆಂಕಿ ಬಿದ್ದು 94 ಮಕ್ಕಳು ತೀರಿಹೋದರು. ಹುಲ್ಲಿನ ಮಾಡು, ಕಿಕ್ಕಿರಿದ ಕೊಠಡಿ, ಕಿರಿದಾದ ಮೆಟ್ಟಿಲು. ಆದ್ದರಿಂದ ಪ್ರತಿ ಕೊಠಡಿಗೂ ಹೊರಕ್ಕೆ ಹೋಗಲು ಎರಡು ದಾರಿ ಇರಲಿ. ಬಾಗಿಲುಗಳು ಹೊರಮುಖವಾಗಿ ತೆರೆಯಲಿ. ನಡುವಿನ ಮಡಚು ಬಾಗಿಲಿಗೆ ಶಾಲೆಯ ಹೊತ್ತಿನಲ್ಲಿ ಬೀಗ ಬೇಡ. ವರಾಂಡದಲ್ಲಿ ಮುರಿದ ಬೆಂಚು, ಅಡುಗೆಯ ಸೌದೆ ರಾಶಿ ಹಾಕುವುದು ಬೇಡ.

ಇನ್ನು ನಮ್ಮ ಸೀಮೆಯ ಬಿಸಿಲು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ನಾಡು ನಮ್ಮದು. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ಸರಿಯಾಗಿ ನಡುನೆತ್ತಿಯ ಮೇಲೆ ಬರುತ್ತಾನೆ. ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ, ನಡುಹಗಲು ಚಾವಣಿ, ಹೀಗೆ ಸರದಿಯಂತೆ ಕಾಯುತ್ತವೆ. ಆದ್ದರಿಂದ ಕಟ್ಟಡದ ಉದ್ದ ಪೂರ್ವಪಶ್ಚಿಮವಾಗಿರಲಿ, ಕಿಟಕಿಗಳು ಉತ್ತರ ದಕ್ಷಿಣ ಎರಡೂ ಗೋಡೆಗಳಲ್ಲಿ ಎದುರುಬದುರಾಗಿರಲಿ. ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡಬೇಕು. ಮಾಳಿಗೆಗೆ ವರ್ಷಕ್ಕೊಮ್ಮೆ ಬೇಸಿಗೆಗೆ ಮುಂಚೆ ಸುಣ್ಣ ಬಳಿದರೆ ಬಿಸಿಲು ಎಷ್ಟೋ ಹಿಂದಿರುಗುತ್ತದೆ. ನೆರಳಿಲ್ಲದ ಜಾಗದಲ್ಲಿ ಗುಂಪು ಕಲಿಕೆ ಎಂಬುದು ಬರಿಯ ಮಾತು. ಸುಡುವ ಕೊಠಡಿಯಲ್ಲಿ ಮಕ್ಕಳು ಕಲಿಯುವುದಿಲ್ಲ, ತೂಕಡಿಸುತ್ತಾರೆ.

ಈ ವಿಷಯದಲ್ಲಿ ನಮಗಿಂತ ಬಿಸಿಲಿನ ಊರೊಂದು ದಾರಿ ತೋರಿಸಿದೆ. ಆಫ್ರಿಕದ ಬುರ್ಕಿನಾ ಫಾಸೋ ದೇಶದಲ್ಲಿ ಗಾಂಡೊ ಎಂಬುದೊಂದು ಹಳ್ಳಿ. ಆ ಹಳ್ಳಿಯಲ್ಲಿ ಹುಟ್ಟಿ, ಜರ್ಮನಿಯಲ್ಲಿ ಕಟ್ಟಡ ವಿದ್ಯೆ ಕಲಿತ ಫ್ರಾನ್ಸಿಸ್ ಕೆರೆ ಎಂಬುವರು 2001ರಲ್ಲಿ ತಮ್ಮೂರಿಗೆ ಒಂದು ಶಾಲೆ ಕಟ್ಟಿಸಿದರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆ, ಕೆಲಸಕ್ಕೆ ಊರಿನ ಜನ. ಮೂರು ಕೊಠಡಿಗಳನ್ನು ಒಂದಕ್ಕೊಂದು ಅಂಟಿಸದೆ ನಡುನಡುವೆ ನೆರಳಿನ ಜಾಗ ಬಿಟ್ಟರು. ಆ ಜಾಗ ಆಟಕ್ಕೂ ಆಯಿತು, ಗುಂಪು ಪಾಠಕ್ಕೂ ಆಯಿತು. ತಗಡಿನ ಮಾಡನ್ನು ಚಾವಣಿಯ ಮೇಲೆ ನೇರವಾಗಿ ಹೊದಿಸದೆ ಎತ್ತರಿಸಿ ನಿಲ್ಲಿಸಿದ್ದರಿಂದ ನಡುವಿನ ಬಿಸಿಗಾಳಿ ಹೊರಟುಹೋಗಿ ಕೊಠಡಿ ತಂಪಾಗಿ ಉಳಿಯಿತು. ಆ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ, ಕೆರೆಯವರಿಗೆ 2022ರಲ್ಲಿ ಕಟ್ಟಡ ವಿದ್ಯೆಯ ದೊಡ್ಡ ಗೌರವವಾದ ಪ್ರಿಟ್ಜ್ಕರ್ ಪ್ರಶಸ್ತಿ ಬಂದವು. ಆ ಬಗೆಯ ಮಣ್ಣಿನ ಇಟ್ಟಿಗೆಯ ವಿದ್ಯೆ ನಮಗೂ ದೂರದ್ದಲ್ಲ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅದರ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ನಮ್ಮಲ್ಲಿ ಕಲ್ಲು ಚಪ್ಪಡಿಗೂ ಬರವಿಲ್ಲ, ಬೇವು ಹೊಂಗೆಯ ನೆರಳಿಗೂ ಬರವಿಲ್ಲ. ಶಾಲೆಯ ಅಂಗಳದ ಮರಕ್ಕೊಂದು ಕಲ್ಲಿನ ಕಟ್ಟೆ ಕಟ್ಟಿಸಿದರೆ ಅದೂ ಒಂದು ತರಗತಿಯೇ. ಊರಿನ ಹಿರಿಯರು ಅರಳಿಕಟ್ಟೆಯಲ್ಲಿ, ತೆಲುಗಿನವರ ಮಾತಿನಲ್ಲಿ ರಚ್ಚಬಂಡದ ಮೇಲೆ, ಸುತ್ತ ಕೂತು ಮಾತನಾಡುವುದಿಲ್ಲವೇ? ಮಕ್ಕಳೂ ಹಾಗೆಯೇ.

ಈಗ ನೀವು ಕೇಳಬಹುದು, ಇದನ್ನೆಲ್ಲ ನಮ್ಮಿಂದ ಮಾಡಿಸುವುದಕ್ಕೆ ಆಗುತ್ತದೆಯೇ ಎಂದು. ಆಗುತ್ತದೆ, ಸಮಯ ನೋಡಿ ಕೇಳಬೇಕು. 2019ರಲ್ಲಿ ಆಂಧ್ರ ಸರ್ಕಾರ ಮನ ಬಡಿ ನಾಡು-ನೇಡು ಯೋಜನೆಯ ಮೊದಲ ಹಂತದಲ್ಲಿ 15,715 ಶಾಲೆಗಳ ರಿಪೇರಿ ಹಿಡಿದಾಗ ಕೆಲಸ ಮಾಡಿಸಿದ್ದು ತಂದೆತಾಯಿಗಳ ಸಮಿತಿಗಳ ಮೂಲಕ. ಶೌಚಾಲಯ, ನೀರು, ದೀಪ, ಬೆಂಚು, ಬಣ್ಣ, ಕಾಂಪೌಂಡು ಎಲ್ಲ ಆ ಪಟ್ಟಿಯಲ್ಲಿದ್ದವು. ಯೋಜನೆಗಳ ಹೆಸರು ಬದಲಾಗುತ್ತವೆ, ರಿಪೇರಿಯ ಸರದಿ ಮಾತ್ರ ಮತ್ತೆ ಮತ್ತೆ ಬರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಆ ಸಭೆಗೆ ಹೋಗಿ ಕೂತುಬರಬೇಡಿ, ಕೇಳಿ.

ಖರ್ಚಿಲ್ಲದ ಕೆಲಸಗಳನ್ನು ಮೊದಲು ಹಿಡಿಯಿರಿ. ಕೊಠಡಿಯ ಮೂರು ಗೋಡೆಗಳಿಗೆ ಕೆಳಮಟ್ಟದಲ್ಲಿ ಕಪ್ಪು ಬಣ್ಣ ಬಳಿಸಿ. ಒಂದು ಗೋಡೆಯ ಮೇಲೆ ಕನ್ನಡ ವರ್ಣಮಾಲೆ, ಅದರ ಕೆಳಗೇ ತೆಲುಗು ವರ್ಣಮಾಲೆ ಬರೆಸಿ. ಎರಡೂ ಅಕ್ಷರಗಳು ಅಕ್ಕತಂಗಿಯರು, ಒಂದನ್ನು ಕಲಿತ ಮಗು ಇನ್ನೊಂದನ್ನು ಬೇಗ ಹಿಡಿಯುತ್ತದೆ. ಬೆಂಚಿನ ಬದಲು ಚಿಕ್ಕ ಮಕ್ಕಳಿಗೆ ಚಾಪೆ ಮತ್ತು ಇಬ್ಬರು ಮಕ್ಕಳು ಎತ್ತಿಡಬಹುದಾದ ತಗ್ಗಿನ ಮೇಜು ಕೇಳಿ. ಕಿಟಕಿಯ ಕೆಳಗೆ ಕಲ್ಲು ಚಪ್ಪಡಿಯ ಶೆಲ್ಫು ಹಾಕಿಸಿ, ಎರಡೂ ನುಡಿಯ ಪುಸ್ತಕಗಳು ಬೀರುವಿನ ಬೀಗದೊಳಗಿರದೆ ಮಕ್ಕಳ ಕೈಗೆ ಸಿಗಲಿ. ಆಮೇಲೆ ಖರ್ಚಿನ ಕೆಲಸ. ವರಾಂಡವನ್ನು ಎಂಟು ಅಡಿಗಾದರೂ ಅಗಲಿಸುವುದು, ಗಾಲಿಕುರ್ಚಿ ಏರುವಂತೆ ಇಳಿಜಾರು ಮಾಡಿಸುವುದು, ಹೊಸ ಕೊಠಡಿ ಮಂಜೂರಾದರೆ ಅದನ್ನು ದೂರದ ಮೂಲೆಯಲ್ಲಿ ಒಂಟಿಯಾಗಿ ಕಟ್ಟಿಸದೆ ಹಳೆಯದಕ್ಕೆ ವರಾಂಡದ ಮೂಲಕ ಜೋಡಿಸುವುದು, ನಡುವೆ ಮಡಚು ಬಾಗಿಲು ಬಿಡಿಸುವುದು. ಅಂದಾಜು ಪಟ್ಟಿ ಬರೆಯುವ ಹೊತ್ತಿಗೇ ಇದನ್ನು ಹೇಳಬೇಕು. ಗಾರೆ ಹಾಕಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಕಟ್ಟಡ ಒಂದರಿಂದಲೇ ಎಲ್ಲ ಆಗುತ್ತದೆಂದು ತಿಳಿಯಬೇಡಿ. ಎಂಥ ಮಡಚು ಬಾಗಿಲೂ ಕನ್ನಡದ ಮೇಷ್ಟ್ರನ್ನು ತಂದುಕೊಡುವುದಿಲ್ಲ. ಅದಕ್ಕೆ ಬೇರೆಯೇ ಹಕ್ಕಿದೆ. ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಒಂದು ನುಡಿಯವರಿದ್ದರೆ ಆ ನುಡಿಯ ಶಿಕ್ಷಕರನ್ನು ಕೊಡಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಸಚಿವರು ತೀರ್ಮಾನಿಸಿದ್ದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಅಲ್ಪಸಂಖ್ಯಾತ ನುಡಿಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕೆಂದು ರಾಜ್ಯಗಳಿಗೆ ಹೇಳಲಾಯಿತು. ಮೇಷ್ಟ್ರನ್ನು ಕೇಳುವ ಅರ್ಜಿ ಒಂದು ಕೈಯಲ್ಲಿರಲಿ, ಕಟ್ಟಡದ ನಕ್ಷೆ ಇನ್ನೊಂದು ಕೈಯಲ್ಲಿರಲಿ. ಮೇಷ್ಟ್ರಿದ್ದು ಜಾಗವಿಲ್ಲದಿದ್ದರೆ ಕನ್ನಡ ವಿಭಾಗ ವರಾಂಡಕ್ಕೆ ಬೀಳುತ್ತದೆ. ಜಾಗವಿದ್ದು ಮೇಷ್ಟ್ರಿಲ್ಲದಿದ್ದರೆ ಬಾಗಿಲಿಗೆ ಬೀಗ ಬೀಳುತ್ತದೆ.

ಮುಂದಿನ ಸಲ ನಿಮ್ಮೂರ ಶಾಲೆಗೆ ಹೋದಾಗ ಮೂರು ಸಂಗತಿ ನೋಡಿಕೊಂಡು ಬನ್ನಿ. ವರಾಂಡ ಎಷ್ಟು ಅಡಿ ಅಗಲವಿದೆ? ನಡುಗೋಡೆ ಭಾರ ಹೊತ್ತಿದೆಯೇ, ಬರಿಯ ಅಡ್ಡಗೋಡೆಯೇ? ಒಂದನೆಯ ತರಗತಿಯ ಮಗುವಿನ ಕೈ ಕಪ್ಪು ಹಲಗೆಗೆ ಎಟುಕುತ್ತದೆಯೇ? ಈ ಮೂರರ ಉತ್ತರವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಸಮಿತಿಯ ಸಭೆಯಲ್ಲಿ ಓದಿ. ಚರ್ಚೆ ಅಲ್ಲಿಂದ ಶುರುವಾಗಲಿ.